ಪರ್ಸೆಫೋನಿ ತಿಂದದ್ದು ಎಷ್ಟು ದಾಳಿಂಬೆ ಕಾಳು?

ಪ್ರಶ್ನೆ: ಹೇಡೀಸ್–ಪರ್ಸೆಫೋನಿ ಕಥೆಯ ಮೇಲೆ ಕಟ್ಟಿದ ಹದಿಹರೆಯದ ಪ್ರೇಮ ಸರಣಿಗಳನ್ನು ಓದುತ್ತಿದ್ದೇನೆ. ಒಂದರಲ್ಲಿ ಆಕೆ ಆರು ಕಾಳು ತಿನ್ನುತ್ತಾಳೆ, ಇನ್ನೊಂದರಲ್ಲಿ ನಾಲ್ಕು, ಮತ್ತೊಂದರಲ್ಲಿ ಬೇಕೆಂದೇ ತಿನ್ನುತ್ತಾಳೆ. ಮೂಲದಲ್ಲಿ ಏನಿದೆ?

ಉತ್ತರ: ಕಥೆ ಗ್ರೀಕ್ ಪುರಾಣದ್ದು. ಪಾತಾಳದ ಒಡೆಯ ಹೇಡೀಸ್, ಬೆಳೆಯ ದೇವತೆ ಡಿಮೀಟರ್‌ಳ ಮಗಳು ಪರ್ಸೆಫೋನಿಯನ್ನು ಹೊತ್ತೊಯ್ಯುತ್ತಾನೆ. ಅಲ್ಲಿ ದಾಳಿಂಬೆ ತಿಂದದ್ದರಿಂದ ಆಕೆ ಪ್ರತಿ ವರ್ಷ ಒಂದಷ್ಟು ಕಾಲ ಅಲ್ಲೇ ಇರಬೇಕಾಗುತ್ತದೆ. ಇದರ ಅತಿ ಹಳೆಯ ವಿಸ್ತಾರ ಕಥನದಲ್ಲಿ ಇರುವುದು ಒಂದೇ ಒಂದು ಕಾಳು. ಅದು ಹೋಮರನ ಹೆಸರಿನಲ್ಲಿ ಉಳಿದುಬಂದ, ಆದರೆ ಅವನದಲ್ಲದ, ಡಿಮೀಟರ್ ಸ್ತೋತ್ರ. ಕ್ರಿ.ಪೂ. 7–6ನೇ ಶತಮಾನದ್ದೆಂದು ಸಾಮಾನ್ಯವಾಗಿ ಹೇಳುತ್ತಾರೆ. ಸುಮಾರು 495 ಸಾಲು. ಇದರ ಹಸ್ತಪ್ರತಿ ಬೆಳಕಿಗೆ ಬಂದದ್ದೇ 1777ರಲ್ಲಿ, ಮಾಸ್ಕೋದಲ್ಲಿ.

ಕಾಳು ಬರುವ ಜಾಗವನ್ನು ನಿಧಾನವಾಗಿ ಓದಬೇಕು. ತಾಯಿಯ ಬಳಿಗೆ ಹೋಗು ಎಂದು ಹೇಡೀಸ್ ಹೇಳಿದ್ದೇ ತಡ, ಪರ್ಸೆಫೋನಿ ಸಂತೋಷದಿಂದ ಜಿಗಿದೇಳುತ್ತಾಳೆ (ಸಾಲು 371). ಮರುಸಾಲಿನಲ್ಲೇ ಅವನು ಜೇನಿನಷ್ಟು ಸಿಹಿಯಾದ ದಾಳಿಂಬೆ ಕಾಳೊಂದನ್ನು ಗುಟ್ಟಾಗಿ ತಿನ್ನಿಸುತ್ತಾನೆ. ಇದು ಕವಿಯ ಮಾತು. ಮೇಲೆ ಬಂದ ಮೇಲೆ ಮಗಳು ತಾಯಿಗೆ ಹೇಳುವಾಗ ಇನ್ನೊಂದು ಮಾತು ಸೇರುತ್ತದೆ: ಗುಟ್ಟಾಗಿ ಬಾಯಿಗೆ ಹಾಕಿದ, ನನಗೆ ಇಷ್ಟವಿರಲಿಲ್ಲ, ಬಲವಂತದಿಂದ ತಿನ್ನಿಸಿದ (411–413). ಬರೀ ಗುಟ್ಟಾಗಿಯೋ, ಬಲವಂತವಾಗಿಯೂ ಹೌದೋ? ಸ್ತೋತ್ರ ಬಿಡಿಸಿ ಹೇಳುವುದಿಲ್ಲ. ಇಂದಿನ ಸರಣಿಕಾರರು ತಮ್ಮ ನಾಯಕಿಯನ್ನು ನಿಲ್ಲಿಸುವುದು ಬಹುಪಾಲು ಈ ಸಂದಿಯಲ್ಲೇ. ತಾಯಿಗೆ ಹೆದರಿ ಮಗಳು ಸುಳ್ಳು ಹೇಳಿದಳು ಎಂದುಕೊಂಡರೆ ಅಲ್ಲಿಂದ ಪ್ರೇಮಕಥೆ ಶುರುವಾಗುತ್ತದೆ. ಆದರೆ ಹಾಗೆಂದು ಸ್ತೋತ್ರ ಎಲ್ಲೂ ಹೇಳಿಲ್ಲ, ಅದು ಓದುವವರು ಸೇರಿಸಿಕೊಂಡದ್ದು.

ನಾಲ್ಕು ಎಂಬುದು ಕಾಳಿನ ಲೆಕ್ಕವಲ್ಲ, ತಿಂಗಳ ಲೆಕ್ಕ. ಕೆಳಗೆ ಏನಾದರೂ ತಿಂದೆಯಾ ಎಂದು ಕೇಳುವ ಡಿಮೀಟರ್, ತಿಂದಿದ್ದರೆ ವರ್ಷದ ಮೂರರಲ್ಲೊಂದು ಪಾಲು ಅಲ್ಲೇ ಇರಬೇಕು ಎನ್ನುತ್ತಾಳೆ. ಅಪೊಲೊಡೋರಸನ ಹೆಸರಿನ ಪುರಾಣಕೋಶದಲ್ಲೂ ಹೀಗೇ: ಒಂದು ಕಾಳು, ಮೂರರಲ್ಲೊಂದು ಪಾಲು.

ಆರು ತಿಂಗಳು ಬಂದದ್ದು ರೋಮ್‌ನಿಂದ. ಅಲ್ಲಿನ ಕವಿ ಓವಿಡ್ ಈ ಕಥೆಯನ್ನು ಎರಡು ಸಲ ಹೇಳಿದ್ದಾನೆ. 'ಮೆಟಮಾರ್ಫೋಸಿಸ್'ನ ಐದನೇ ಭಾಗದಲ್ಲಿ ಏಳು ಕಾಳು, 'ಫಾಸ್ಟಿ'ಯ ನಾಲ್ಕನೆಯದರಲ್ಲಿ ಮೂರು. ಎರಡರಲ್ಲೂ ಅವಧಿ ಮಾತ್ರ ಅರ್ಧ ವರ್ಷವೇ. ಕಾಳಿಗೊಂದು ತಿಂಗಳು ಎಂಬ ನಿಯಮ ಓವಿಡನಿಗೆ ಇರಲೇ ಇಲ್ಲ. ಏಳು ಕಾಳಿಗೂ ಆರು ತಿಂಗಳು, ಮೂರಕ್ಕೂ ಆರು ತಿಂಗಳು. ತಿಂದದ್ದೇ ಕಟ್ಟಿಹಾಕುತ್ತದೆ, ಎಷ್ಟು ಎಂಬುದಲ್ಲ. ಅರ್ಧ ವರ್ಷಕ್ಕೆ ಹೊಂದಲಿ ಎಂದು ಮುಂದಿನವರು ಕಾಳನ್ನೂ ಆರಕ್ಕೆ ತಂದರು. ಕಥೆ ಹೇಳುವುದಕ್ಕೆ ಇದು ಅನುಕೂಲ, ನಿಜ. ಆದರೆ ಶಾಪದಂತಿದ್ದದ್ದು ಬಾಡಿಗೆ ಕರಾರಿನಂತಾಗಿಬಿಡುತ್ತದೆ. ಇನ್ನೆರಡು ಕಾಳು ತಿಂದಿದ್ದರೆ ಎಂಟು ತಿಂಗಳೇ ಎಂದು ಓದುಗ ಕೇಳಿದರೆ ಲೇಖಕರ ಬಳಿ ಉತ್ತರವಿರುವುದಿಲ್ಲ.

'ಬೇಕೆಂದೇ ತಿಂದಳು' ಎನ್ನುವವರಿಗೂ ಅರ್ಧ ಆಧಾರ ಓವಿಡನಲ್ಲೇ ಇದೆ. 'ಮೆಟಮಾರ್ಫೋಸಿಸ್'ನಲ್ಲಿ ಯಾರೂ ತಿನ್ನಿಸುವುದಿಲ್ಲ. ತೋಟದಲ್ಲಿ ಅಡ್ಡಾಡುತ್ತಾ ತಾನೇ ಬಾಗಿದ ಕೊಂಬೆಯಿಂದ ಹಣ್ಣು ಕಿತ್ತು, ಏಳು ಕಾಳು ಬಾಯಿಗೆ ಹಾಕಿಕೊಳ್ಳುತ್ತಾಳೆ. ನೋಡಿದವನು ಪಾತಾಳವಾಸಿ ಆಸ್ಕಲಾಫಸ್ ಒಬ್ಬನೇ. ಚಾಡಿ ಹೇಳಿದ್ದಕ್ಕೆ ಗೂಬೆಯಾಗುತ್ತಾನೆ. ಆದರೆ ಕಿತ್ತದ್ದು ಏನೂ ಅರಿಯದ ಮುಗ್ಧತೆಯಲ್ಲಿ ಎಂದೂ ಓವಿಡ್ ಸೇರಿಸುತ್ತಾನೆ. ಕೈ ಅವಳದೇ, ತಿಳಿದು ಮಾಡಿದ್ದಲ್ಲ. ಅರಿತೇ ತಿಂದ ಪರ್ಸೆಫೋನಿ ಹೊಸಬರ ಸೃಷ್ಟಿ. ಅದರಲ್ಲಿ ತಪ್ಪೇನಿಲ್ಲ, 'ಅಸಲಿ ಕಥೆ ಇದೇ' ಎಂದು ಮುನ್ನುಡಿಯಲ್ಲಿ ಹೇಳಿಕೊಳ್ಳದಿದ್ದರೆ ಸಾಕು.

ಏಮೀ ಕಾರ್ಟರ್ 2011ರಲ್ಲಿ 'ದ ಗಾಡೆಸ್ ಟೆಸ್ಟ್'ನಿಂದ ಶುರುಮಾಡಿದ ಸರಣಿ ಈ ಗೊಂದಲವನ್ನು ಬದಿಗೆ ಸರಿಸಿದ ರೀತಿ ಜಾಣತನದ್ದು. ಅಲ್ಲಿ ಪರ್ಸೆಫೋನಿ ಆಗಲೇ ಹೇಡೀಸನನ್ನು ಬಿಟ್ಟು ಹೋಗಿಯಾಗಿದೆ. ತೆರವಾದ ಜಾಗಕ್ಕೆ ಬರುವ ಕೇಟ್ ವರ್ಷದಲ್ಲಿ ಆರು ತಿಂಗಳು ಇರಲು ಮಾತು ಕೊಡುತ್ತಾಳೆ. ಅವಧಿ ಓವಿಡನದು. ಹಣ್ಣಿನ ಜಾಗದಲ್ಲಿ ಒಪ್ಪಂದವಿದೆ, ಹಾಗಾಗಿ ಸಮ್ಮತಿಯ ಪ್ರಶ್ನೆ ಪುಟದ ಮೇಲೇ ಇತ್ಯರ್ಥವಾಗುತ್ತದೆ.

ಸರಣಿಗಳು ಹೆಚ್ಚಾಗಿ ಮುಚ್ಚಿಡುವುದು ನೆಂಟಸ್ತಿಕೆಯನ್ನು. ಪರ್ಸೆಫೋನಿ ದೇವತೆಗಳ ರಾಜ ಜ್ಯೂಸ್ ಮತ್ತು ಡಿಮೀಟರ್‌ರ ಮಗಳು. ಹೇಡೀಸ್, ಜ್ಯೂಸ್, ಡಿಮೀಟರ್ ಮೂವರೂ ಒಡಹುಟ್ಟಿದವರು. ಅಂದರೆ ಹೇಡೀಸ್ ಆಕೆಗೆ ಏಕಕಾಲಕ್ಕೆ ದೊಡ್ಡಪ್ಪನೂ ಹೌದು, ಸೋದರಮಾವನೂ ಹೌದು. ನಮ್ಮ ಕಡೆಯ ವರಸೆಯಲ್ಲಿ ಎರಡನೆಯದು ನಡೆದೀತು, ಮೊದಲನೆಯದು ಸುತರಾಂ ಇಲ್ಲ! ಇಷ್ಟಕ್ಕೂ ಮಗಳನ್ನು ಕೊಟ್ಟವನು ಜ್ಯೂಸ್. ಸ್ತೋತ್ರದ ಮೂರನೇ ಸಾಲೇ ಅದನ್ನು ಹೇಳುತ್ತದೆ.

ನೀವೇ ಹೋಲಿಸಿ ನೋಡುವುದಾದರೆ ಸ್ತೋತ್ರಕ್ಕೆ ಎವೆಲಿನ್-ವೈಟ್ ಮಾಡಿದ 1914ರ ಇಂಗ್ಲಿಷ್ ಅನುವಾದ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. 360ರಿಂದ 413ರವರೆಗಿನ ಸಾಲುಗಳನ್ನು ಓದಿ, ಹದಿನೈದು ನಿಮಿಷವೂ ಬೇಡ. ಆಮೇಲೆ ನಿಮ್ಮ ಸರಣಿಯಲ್ಲಿ ಕಾಳಿನ ಲೆಕ್ಕ ಬಿಟ್ಟು, ಹಣ್ಣು ಯಾರ ಕೈಯಿಂದ ಯಾರ ಬಾಯಿಗೆ ಹೋಯಿತು, ಅವಧಿಯನ್ನು ಯಾರು ಗೊತ್ತುಮಾಡಿದರು ಎಂಬುದನ್ನು ಹುಡುಕಿ. ಲೇಖಕರು ಸ್ತೋತ್ರ ಓದಿದ್ದಾರೋ ಓವಿಡನನ್ನೋ ಎಂಬುದು ಬಹುಮಟ್ಟಿಗೆ ಅಲ್ಲೇ ಗೊತ್ತಾಗುತ್ತದೆ.