ದಾಸವಾಳದ ಹಿಟ್ಟು ತಿಗಣೆ: ಮೊದಲು ಇರುವೆ ಸಾಲು ತಪ್ಪಿಸಿ

ದಾಸವಾಳದ ಚಿಗುರು ಮುರುಟಿ ಗಂಟಾಗಿದೆ, ಎಲೆಯಡಿ ಬಿಳಿ ಹಿಟ್ಟು ಮೆತ್ತಿದೆ ಎಂದರೆ ಔಷಧಿ ಹುಡುಕುವ ಮುಂಚೆ ಕಾಂಡ ನೋಡಿ. ಅಲ್ಲಿ ಇರುವೆ ಸಾಲು ಹತ್ತಿಳಿಯುತ್ತಿರುತ್ತದೆ. ಹಿಟ್ಟು ತಿಗಣೆ ರಸ ಹೀರಿ ಹೊರಬಿಡುವ ಸಿಹಿ ಅಂಟು ಇರುವೆಗೆ ಆಹಾರ. ಅದಕ್ಕಾಗಿ ಅದು ತಿಗಣೆಯನ್ನು ಕಾಯುತ್ತದೆ. ತಿಗಣೆ ತಿನ್ನಲು ಬಂದ ಗುಲಗಂಜಿ ಹುಳುವನ್ನೂ, ತಿಗಣೆಯ ಮೈಯೊಳಗೆ ಮೊಟ್ಟೆಯಿಡಲು ಬಂದ ಪುಟ್ಟ ಕಣಜವನ್ನೂ ಓಡಿಸುತ್ತದೆ. ಇರುವೆ ಬಿಟ್ಟು ಬರೀ ತಿಗಣೆಗೆ ಸಿಂಪಡಿಸಿದರೆ ಕೆಲವೇ ವಾರಗಳಲ್ಲಿ ಮತ್ತೆ ಅದೇ ಪಾಡು.

ಕುಂಡವನ್ನು ಕಾಲಿರುವ ಸ್ಟ್ಯಾಂಡಿನ ಮೇಲಿಟ್ಟು, ಪ್ರತಿ ಕಾಲನ್ನೂ ನೀರಿನ ಬಟ್ಟಲಲ್ಲಿ ನಿಲ್ಲಿಸಿ. ಎರಡು ಹನಿ ಸೋಪು ಹಾಕಿ, ಮೂರು ದಿನಕ್ಕೊಮ್ಮೆ ನೀರು ಬದಲಿಸಿ. ಇಲ್ಲದಿದ್ದರೆ ಸೊಳ್ಳೆ ಸಾಕಿದ ಹಾಗೆ. ನೆಲದ ಗಿಡಕ್ಕೆ ಕಾಂಡದ ಸುತ್ತ ಮೂರು ಇಂಚು ಅಗಲ ಟೇಪು ಸುತ್ತಿ, ಟೇಪಿನ ಮೇಲೆ ಗ್ರೀಸ್ ಸವರಿ. ತೊಗಟೆಗೇ ಸವರಿದರೆ ಕಾಂಡ ಕೆಡುತ್ತದೆ. ಒಂದು ಕೊಂಬೆ ಗೋಡೆಗೋ ಬಟ್ಟೆ ಒಣಹಾಕುವ ಹಗ್ಗಕ್ಕೋ ತಾಗಿದ್ದರೂ ಇಷ್ಟೆಲ್ಲ ಮಾಡಿದ್ದು ವ್ಯರ್ಥ.

ಗೂಡು ಕುಂಡದೊಳಗೇ ಇದ್ದರೆ ಬೇಲಿ ಉಪಯೋಗಕ್ಕೆ ಬಾರದು, ಆಮಿಷವೇ ಬೇಕು. 100 ಮಿ.ಲೀ. ನೀರಿಗೆ 10 ಗ್ರಾಂ ಸಕ್ಕರೆ, 1 ಗ್ರಾಂ ಬೋರಿಕ್ ಆಸಿಡ್ ಪುಡಿ ಕರಗಿಸಿ ಹತ್ತಿ ನೆನೆಸಿಡಿ. ಪುಡಿ ಹೆಚ್ಚು ಹಾಕಿದರೆ ಇರುವೆ ದಾರಿಯಲ್ಲೇ ಸಾಯುತ್ತದೆ, ವಿಷ ಗೂಡಿನ ರಾಣಿಯವರೆಗೆ ಹೋಗುವುದೇ ಇಲ್ಲ. ಮಕ್ಕಳು, ಸಾಕುಪ್ರಾಣಿಗಳ ಕೈಗೆ ಸಿಗದಂತೆ, ಮುಚ್ಚಳಕ್ಕೆ ಸಣ್ಣ ತೂತು ಮಾಡಿದ ಡಬ್ಬಿಯಲ್ಲಿಡಿ.

ಇನ್ನು ತಿಗಣೆ. ಮುರುಟಿದ ತುದಿಯೊಳಗೆ ಯಾವ ದ್ರಾವಣವೂ ಇಳಿಯುವುದಿಲ್ಲ, ಅದನ್ನು ಕತ್ತರಿಸಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಿಸಿಲಿಗಿಡಿ. ಉಳಿದದ್ದನ್ನು ಪೈಪಿನ ರಭಸದ ನೀರಿನಿಂದ ಉದುರಿಸಿ. ಮೈಮೇಲಿನ ಮೇಣ ಹೋದರಷ್ಟೇ ಮುಂದಿನ ಸಿಂಪಡಣೆ ಹತ್ತುವುದು. 5 ಮಿ.ಲೀ. ಬೇವಿನ ಎಣ್ಣೆಗೆ 2 ಮಿ.ಲೀ. ದ್ರವ ಸೋಪು ಕಲಸಿ, ಸ್ವಲ್ಪ ಉಗುರುಬೆಚ್ಚಗಿನ ನೀರು ಸೇರಿಸಿ ಹಾಲಿನ ಬಣ್ಣ ಬರುವವರೆಗೆ ಅಲ್ಲಾಡಿಸಿ, ಆಮೇಲೆ 1 ಲೀಟರಿಗೆ ತುಂಬಿಸಿ. ಎಣ್ಣೆಯನ್ನು ನೇರ ನೀರಿಗೆ ಸುರಿದರೆ ಮೇಲೆ ತೇಲುತ್ತದೆ, ಕೊನೆಯ ಸಿಂಪಡಣೆಯಲ್ಲಿ ಬರೀ ಎಣ್ಣೆ ಬಂದು ಎಲೆ ಸುಡುತ್ತದೆ. ಸಂಜೆ ಹೊತ್ತು, ಎಲೆಯಡಿಗೆ, ಅಂದೇ ಬೆರೆಸಿದ್ದನ್ನು ಹೊಡೆಯಿರಿ. ಹತ್ತಿಯಂಥ ಚೀಲದೊಳಗಿನ ಮೊಟ್ಟೆಗಳು ಇದಕ್ಕೆ ಜಗ್ಗುವುದಿಲ್ಲ. ಸುಮಾರು ವಾರದಲ್ಲಿ ಮರಿ ಹೊರಬರುವುದರಿಂದ ಏಳು ದಿನಕ್ಕೆ ಮತ್ತೊಮ್ಮೆ, ಬೇಕಾದರೆ ಮೂರನೆಯ ಸಲ.

ಆದರೆ ಹೊಡೆಯುವ ಮುಂಚೆ ಭೂತಗನ್ನಡಿ ಹಿಡಿದು ನೋಡಿ. ತಿಗಣೆಗಳ ನಡುವೆ ಅದೇ ಬಿಳಿ ಮೇಣದ ಎಳೆಗಳ, ಆದರೆ ನಾಲ್ಕು ಪಟ್ಟು ಉದ್ದದ ಹುಳು ಸರಸರ ಓಡಾಡುತ್ತಿದ್ದರೆ ಅದು ಕ್ರಿಪ್ಟೊಲೀಮಸ್ ಮರಿ, ಅಂದರೆ ತಿಗಣೆ ತಿನ್ನುವ ಒಂದು ಬಗೆಯ ಗುಲಗಂಜಿ ಹುಳುವಿನ ಮರಿ. ಹಿಟ್ಟು ತಿಗಣೆ 3 ಮಿ.ಮೀ. ದಾಟುವುದು ಕಡಿಮೆ, ಕೆಣಕಿದರೂ ನಿಧಾನವಾಗಿಯೇ ಸರಿಯುತ್ತದೆ. ದೊಡ್ಡ ತಿಗಣೆ ಎಂದುಕೊಂಡು ಜನ ಉಜ್ಜಿ ಸಾಯಿಸುವುದು ಈ ಮಿತ್ರನನ್ನೇ. ಬೆಳೆದ ಹುಳುವಿಗೂ ಬೇರೆ ಗುಲಗಂಜಿ ಹುಳುಗಳ ಚುಕ್ಕೆಗಳಿಲ್ಲ: ಕಪ್ಪು ಬೆನ್ನು, ಕಿತ್ತಳೆ ತಲೆ. 1898ರಲ್ಲಿ ಇದನ್ನು ಆಸ್ಟ್ರೇಲಿಯಾದಿಂದ ಭಾರತಕ್ಕೆ ತಂದದ್ದು ಕಾಫಿ ಗಿಡದ ರಸ ಹೀರುವ ಹಸಿರು ಶಲ್ಕ ಕೀಟದ ಹತೋಟಿಗಾಗಿ. ಅಲ್ಲಿ ಸೋತರೂ ಹಿಟ್ಟು ತಿಗಣೆಯ ಮೇಲೆ ನೆಲೆಯೂರಿತು. ಅದು ಕಂಡ ಕೊಂಬೆಗೆ ಬೇವಿನ ಎಣ್ಣೆಯೂ ಬೇಡ.

ಈ ಹುಳು, ಕಣಜಗಳನ್ನು ಉಳಿಸಿಕೊಳ್ಳಲು ಹೂ ಬೇಕು. ಕೊತ್ತಂಬರಿ, ಸಬ್ಬಸಿಗೆಯ ಒಂದೆರಡು ಗಿಡ ಹೂ ಬಿಡಲಿ. ಆ ಚಿಕ್ಕ ಹೂಗಳ ಮಕರಂದ ಸಣ್ಣ ಕಣಜದ ಗಿಡ್ಡ ಬಾಯಿಗೂ ಎಟಕುತ್ತದೆ. ಮಣ್ಣಿಗೆ ಹಾಕುವ ಇಮಿಡಾಕ್ಲೋಪ್ರಿಡ್‌ನಂಥ ಕೀಟನಾಶಕ ಮಕರಂದಕ್ಕೂ ಸೇರುವುದರಿಂದ ಹೂಗಿಡಕ್ಕೆ ಬೇಡವೇ ಬೇಡ. ಕಡಲೆಕಾಯಿ ಹಿಂಡಿಯ ನೀರನ್ನೂ ಕೈತಡೆದು ಕೊಡಿ. ಸಾರಜನಕ ಹೆಚ್ಚಾದರೆ ಮೆತ್ತನೆಯ ರಸತುಂಬಿದ ಚಿಗುರು ಬರುತ್ತದೆ, ತಿಗಣೆ ಮೊದಲು ಏರುವುದು ಅಲ್ಲಿಗೇ.