ರಿಕವರಿ ಏಜೆಂಟ್‌ಗೆ ಲೈಸೆನ್ಸ್ ಇಲ್ಲದಿದ್ದರೆ ಸಿಬಿಲ್‌ನಲ್ಲಿರುವ ಸಾಲ ಅಳಿಸಿಹೋಗುತ್ತಾ?

ಪ್ರಶ್ನೆ: ಸರ್, ಎರಡು ವರ್ಷದ ಹಿಂದೆ ಒಂದು ಆ್ಯಪ್‌ನಲ್ಲಿ 40,000 ರೂಪಾಯಿ ಸಾಲ ತಗೊಂಡಿದ್ದೆ. ಕೆಲಸ ಹೋಯ್ತು, ಕಂತು ನಿಂತುಹೋಯ್ತು. ಈಗ ಯಾವುದೋ ಏಜೆನ್ಸಿಯವರು ದಿನಾ ಫೋನ್ ಮಾಡ್ತಾರೆ. ಲೈಸೆನ್ಸ್ ಕೇಳಿದ್ರೆ ತೋರಿಸಲ್ಲ. ಸಿಬಿಲ್ ರಿಪೋರ್ಟ್‌ನಲ್ಲಿ ನಾನು ಹೆಸರೇ ಕೇಳದ ಕಂಪನಿ ಇದೆ. ಲೈಸೆನ್ಸ್ ಇಲ್ಲದವರು ವಸೂಲಿಗೆ ಬಂದ್ರೆ ಆ ಎಂಟ್ರಿ ತೆಗೆಸಬಹುದು ಅಂತ ಒಂದು ವಿಡಿಯೋದಲ್ಲಿ ನೋಡಿದೆ. ಹೇಗೆ ತೆಗೆಸೋದು?

ಉತ್ತರ: ಆ ಕಾರಣ ಕೊಟ್ಟು ಸಿಬಿಲ್‌ನಿಂದ, ಅಂದರೆ ನಿಮ್ಮ ಸಾಲದ ಇತಿಹಾಸ ಇರುವ ಕ್ರೆಡಿಟ್ ರಿಪೋರ್ಟ್‌ನಿಂದ, ಎಂಟ್ರಿ ತೆಗೆಸಲು ಆಗುವುದಿಲ್ಲ. ಮೊತ್ತ ಮತ್ತು ಊರಿನ ಹೆಸರು ಮಾತ್ರ ಬದಲಾಗಿ ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಹಾಗಾಗಿ ಈ ಸಲ ಉದ್ದವಾಗಿಯೇ ಬರೆಯುತ್ತೇನೆ. ಮುಂದೆ ಯಾರಾದರೂ ಕೇಳಿದರೆ ಇದನ್ನೇ ಓದಿಸಿ.

ಮೊದಲು ಆ ವಿಡಿಯೋದ ಮಾತು. ಅದರಲ್ಲಿ ಅರ್ಧ ಅಮೆರಿಕದಿಂದ ಬಂದಿದ್ದು ಅಂತ ನನ್ನ ಅನುಮಾನ. ಅಲ್ಲಿ ಕಲೆಕ್ಷನ್ ಏಜೆನ್ಸಿಗಳು ತಮ್ಮದೇ ಹೆಸರಿನಲ್ಲಿ ಕ್ರೆಡಿಟ್ ರಿಪೋರ್ಟ್‌ನಲ್ಲಿ ಕಾಣಿಸಿಕೊಳ್ಳುತ್ತವೆ. ಹಲವು ರಾಜ್ಯಗಳಲ್ಲಿ ಅವಕ್ಕೆ ಲೈಸೆನ್ಸ್ ಬೇಕು. ಹಾಗಾಗಿ ಲೈಸೆನ್ಸ್ ಇಲ್ಲ ಅಂತ ತಕರಾರು ತೆಗೆಯಲು ಅಲ್ಲಿ ಜಾಗವಿದೆ. ಅದು ಅಲ್ಲೂ ಪ್ರತಿ ಸಲ ಗೆಲ್ಲುವ ವಾದವಲ್ಲ, ಇರಲಿ.

ಇನ್ನರ್ಧ ನಮ್ಮಲ್ಲೇ ಹುಟ್ಟಿದ್ದು. 2025ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಕಿರುಸಾಲ ವಸೂಲಿ ಕಿರುಕುಳದ ವಿರುದ್ಧ ಸುಗ್ರೀವಾಜ್ಞೆ ತಂದಿತಲ್ವಾ? ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ. ಲೈಸೆನ್ಸ್, ನೋಂದಣಿ ಎರಡೂ ಇಲ್ಲದ ಸಾಲದಾತರಿಂದ ಆರ್ಥಿಕವಾಗಿ ದುರ್ಬಲರಾದವರು ಅದುವರೆಗೆ ಪಡೆದಿದ್ದ ಸಾಲ ತೀರಿದಂತೆ ಅಂತಲೂ ಅದರಲ್ಲಿದೆ. ಜನ ‘ಲೈಸೆನ್ಸ್ ಇಲ್ಲ, ಸಾಲ ತೀರಿತು’ ಅನ್ನುವಷ್ಟನ್ನು ಹಿಡಿದುಕೊಂಡರು. ಲೈಸೆನ್ಸ್ ಯಾರಿಗೆ ಇರಬೇಕು ಅನ್ನುವುದನ್ನು ಬಿಟ್ಟರು. ಕಾನೂನು ಹೇಳಿದ್ದು ಸಾಲ ಕೊಟ್ಟವನ ಬಗ್ಗೆ. ವಸೂಲಿಗೆ ಬಂದವನ ಬಗ್ಗೆ ಅಲ್ಲ.

ಈಗ ರಿಪೋರ್ಟ್‌ಗೆ ಬನ್ನಿ. 2005ರ ಕ್ರೆಡಿಟ್ ಮಾಹಿತಿ ಕಂಪನಿಗಳ ಕಾಯ್ದೆಯ ಪ್ರಕಾರ ಅದಕ್ಕೆ ಮಾಹಿತಿ ಕೊಡುವುದು ಬ್ಯಾಂಕು, ಎನ್‌ಬಿಎಫ್‌ಸಿ (ಬ್ಯಾಂಕ್ ಅಲ್ಲದ ಹಣಕಾಸು ಕಂಪನಿ), ಗೃಹಸಾಲ ಕಂಪನಿಯಂಥ ಸಾಲ ಕೊಡುವ ಸಂಸ್ಥೆಗಳು. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್ ಈ ನಾಲ್ಕು ಕಂಪನಿಗಳಿಗೂ ಅವೇ ಕಳಿಸಬೇಕು. ನಿಮಗೆ ಫೋನ್ ಮಾಡುವ ಏಜೆಂಟ್‌ಗೆ ಇಲ್ಲಿ ಜಾಗವೇ ಇಲ್ಲ. ಅವನು ಒಂದಕ್ಷರ ಸೇರಿಸಲಾರ, ಒಂದಕ್ಷರ ಅಳಿಸಲಾರ. ‘ಸಂಜೆಯೊಳಗೆ 6,000 ಹಾಕಿ, ನಾಳೆಗೆ ಸಿಬಿಲ್ ಕ್ಲಿಯರ್ ಮಾಡಿಸ್ತೀನಿ’ ಅಂದರೆ ಅದು ಸುಳ್ಳು. ಅದೂ ಅವನ ಸ್ವಂತ ಫೋನ್‌ಪೇ ನಂಬರ್‌ಗೆ ಹಾಕಿ ಅಂದರೆ ಮಾತು ಅಲ್ಲಿಗೇ ನಿಲ್ಲಿಸಿ. ಆ್ಯಪ್ ಸಾಲದ ಕಂತು ನೇರವಾಗಿ ಸಾಲ ಕೊಟ್ಟ ಸಂಸ್ಥೆಯ ಖಾತೆಗೇ ಹೋಗಬೇಕು ಅನ್ನುವುದು ಆರ್‌ಬಿಐ ನಿಯಮ.

ಇನ್ನು ಆ ಲೈಸೆನ್ಸ್. ರಿಕವರಿ ಏಜೆಂಟ್ ಒಬ್ಬೊಬ್ಬನಿಗೂ ಆರ್‌ಬಿಐ ಲೈಸೆನ್ಸ್ ಕೊಡುವುದಿಲ್ಲ. ನೀವು ಇಲ್ಲದ ಕಾಗದ ಕೇಳುತ್ತಿದ್ದೀರಿ! ಕೇಳಬೇಕಾದ್ದು ಸಾಲ ಕೊಟ್ಟ ಸಂಸ್ಥೆಯ ಅಧಿಕಾರ ಪತ್ರ ಮತ್ತು ಗುರುತಿನ ಚೀಟಿ. ಇವು ಇಲ್ಲದಿದ್ದರೆ ಅವನಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಆದರೆ ಸಾಲ ಹಾಗೇ ಇರುತ್ತದೆ. ಡೆಲಿವರಿ ಹುಡುಗನ ಹತ್ತಿರ ಡ್ರೈವಿಂಗ್ ಲೈಸೆನ್ಸ್ ಇಲ್ಲ ಅಂತ ನೀವು ತರಿಸಿಕೊಂಡ ಮಿಕ್ಸಿ ಪುಕ್ಕಟೆ ಆಗುತ್ತದೆಯೇ?

ಮೀಟರ್ ಬಡ್ಡಿಯವರು ಮತ್ತು ಹೇಳಹೆಸರಿಲ್ಲದ ಸಾಲದ ಆ್ಯಪ್‌ಗಳು, ಇವರು ನಿಜಕ್ಕೂ ಲೈಸೆನ್ಸ್ ಇಲ್ಲದವರು. ಅವರೂ ‘ಸಿಬಿಲ್ ಹಾಳು ಮಾಡ್ತೀವಿ’ ಅಂತಲೇ ಹೆದರಿಸುತ್ತಾರೆ. ಅವರಿಂದ ಅದಾಗದು. ಆರ್‌ಬಿಐ ಲೆಕ್ಕದಲ್ಲೇ ಇಲ್ಲದವರು ಸಿಬಿಲ್‌ಗೆ ಏನು ಕಳಿಸುತ್ತಾರೆ? ನಿಮ್ಮ ಕಾಂಟ್ಯಾಕ್ಟ್ ಪಟ್ಟಿ ಹಿಡಿದು ನೆಂಟರಿಗೆಲ್ಲ ಫೋನ್ ಮಾಡಿದರೆ, ಫೋಟೋ ತಿರುಚಿ ಕಳಿಸಿದರೆ, ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಠಾಣೆಗೂ ಹೋಗಿ. ಆರ್‌ಬಿಐಯ ಸಚೇತ್ ಪೋರ್ಟಲ್‌ನಲ್ಲೂ ದೂರು ಹಾಕಬಹುದು.

ಹಾಗಾದರೆ ನಿಮ್ಮ ರಿಪೋರ್ಟ್‌ನಲ್ಲಿರುವ ಆ ಅಪರಿಚಿತ ಹೆಸರು ಯಾರದು? ಸಾಮಾನ್ಯವಾಗಿ ಆ್ಯಪ್ ಹಿಂದಿರುವ ಎನ್‌ಬಿಎಫ್‌ಸಿಯದು. ಆ್ಯಪ್ ಬರೀ ಮುಖ, ದುಡ್ಡು ಆ ಕಂಪನಿಯದು. ಸಾಲದ ಒಪ್ಪಂದದ ಪಿಡಿಎಫ್ ಇಮೇಲ್‌ನಲ್ಲಿರುತ್ತದೆ, ಹುಡುಕಿ. ಯಾವ ಆ್ಯಪ್ ಯಾವ ಸಂಸ್ಥೆಯದು ಅನ್ನುವ ಪಟ್ಟಿ 2025ರ ಜುಲೈಯಿಂದ ಆರ್‌ಬಿಐ ವೆಬ್‌ಸೈಟ್‌ನಲ್ಲೂ ಇದೆ. ಅಲ್ಲೂ ತಾಳೆಯಾಗದಿದ್ದರೆ ಸಾಲವನ್ನು ಆಸ್ತಿ ಪುನರ್‌ರಚನಾ ಕಂಪನಿಗೆ, ಅಂದರೆ ವಸೂಲಾಗದ ಸಾಲ ಕೊಂಡುಕೊಳ್ಳುವ ಕಂಪನಿಗೆ, ಮಾರಿರಬಹುದು. ಅದೂ ಅಲ್ಲದಿದ್ದರೆ ನಿಮ್ಮ ಪ್ಯಾನ್ ಬಳಸಿ ಬೇರೆ ಯಾರೋ ಸಾಲ ಎತ್ತಿರಬಹುದು. ಎಂಟ್ರಿ ತೆಗೆಸಲು ಹೋರಾಡಬೇಕಾದ್ದು ಆಗ.

ಸಿಬಿಲ್ ಸೇರಿ ಆ ನಾಲ್ಕೂ ಕ್ರೆಡಿಟ್ ಮಾಹಿತಿ ಕಂಪನಿಗಳು ವರ್ಷಕ್ಕೊಂದು ಪೂರ್ಣ ರಿಪೋರ್ಟ್ ಉಚಿತವಾಗಿ ಕೊಡಬೇಕು. ತಪ್ಪು ಕಂಡರೆ ಅಲ್ಲೇ ಡಿಸ್ಪ್ಯೂಟ್ (ತಕರಾರು) ಹಾಕಿ, ಸಾಲ ಕೊಟ್ಟ ಸಂಸ್ಥೆಗೂ ಬರೆಯಿರಿ. ಸಿಬಿಲ್ ತಾನಾಗಿ ಏನನ್ನೂ ಅಳಿಸುವುದಿಲ್ಲ, ಸಂಸ್ಥೆ ಒಪ್ಪಬೇಕು. 30 ದಿನದಲ್ಲಿ ಇತ್ಯರ್ಥ ಆಗದಿದ್ದರೆ ಆಮೇಲಿನ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ನಿಮಗೆ ಬರಬೇಕು. ಇದು 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ, ಕೇಳುವವರು ಮಾತ್ರ ಕಡಿಮೆ.

ಏಜೆಂಟ್ ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಫೋನ್ ಮಾಡುವಂತಿಲ್ಲ. ಮಾಡಿದರೆ ಕರೆಯ ದಾಖಲೆ ಇಟ್ಟುಕೊಂಡು ಸಂಸ್ಥೆಯ ದೂರು ಅಧಿಕಾರಿಗೆ ಬರೆಯಿರಿ. ಏಜೆಂಟ್ ಮಾಡಿದ್ದಕ್ಕೆ ಹೊಣೆ ಸಂಸ್ಥೆಯದೇ. ತಿಂಗಳಲ್ಲಿ ಉತ್ತರ ಬರದಿದ್ದರೆ ಆರ್‌ಬಿಐ ಒಂಬುಡ್ಸ್‌ಮನ್‌ಗೆ ಹೋಗಿ.

ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ‘ಮೂರು ವರ್ಷ ಆದರೆ ಸಾಲ ಸತ್ತಂತೆ’ ಅಂತ ಇನ್ನೊಂದು ಮಾತು ಓಡಾಡುತ್ತಿದೆ. ಇಂಥ ಸಾಲಕ್ಕೆ ಸಿವಿಲ್ ದಾವೆ ಹಾಕಲು ಕಾಲಮಿತಿ ಕಾಯ್ದೆಯಲ್ಲಿ ಮೂರು ವರ್ಷ ಅನ್ನುವುದು ನಿಜ. ಅಷ್ಟಕ್ಕೇ ರಿಪೋರ್ಟ್‌ನಿಂದ ಎಂಟ್ರಿ ಹೋಗುವುದಿಲ್ಲ. ಕೋರ್ಟ್ ಲೆಕ್ಕ ಬೇರೆ, ಸಿಬಿಲ್ ಲೆಕ್ಕ ಬೇರೆ. ಅವಧಿ ಮುಗಿಯುವ ಮುಂಚೆ ‘ಬಾಕಿ ಇರುವುದು ನಿಜ’ ಅಂತ ಸಹಿ ಮಾಡಿ ಬರೆದುಕೊಟ್ಟರೆ ಆ ಮೂರು ವರ್ಷ ಮತ್ತೆ ಮೊದಲಿಂದ ಶುರು. ಏಜೆಂಟ್ ‘ಸುಮ್ನೆ ಒಂದು ಸಹಿ, ಒಂದು 500 ರೂಪಾಯಿ ಟೋಕನ್’ ಅನ್ನುವುದರ ಹಿಂದೆ ಇದೂ ಇರಬಹುದು.

ನಿಮ್ಮದು ಎರಡೇ ವರ್ಷದ ಸಾಲ, ಆ ದಾರಿ ನಿಮಗಿಲ್ಲ. ಎನ್‌ಬಿಎಫ್‌ಸಿಗೇ ಇಮೇಲ್ ಮಾಡಿ ಬಾಕಿಯ ಪೂರ್ತಿ ಲೆಕ್ಕ ಕೇಳಿ. ಕಡಿಮೆ ಮೊತ್ತಕ್ಕೆ ಸೆಟ್ಲ್‌ಮೆಂಟ್ ಮಾಡಿಕೊಂಡರೆ ರಿಪೋರ್ಟ್‌ನಲ್ಲಿ ‘ಸೆಟಲ್ಡ್’ ಅಂತ ಬರುತ್ತದೆ, ‘ಕ್ಲೋಸ್ಡ್’ ಅಂತ ಬರುವುದಿಲ್ಲ. ಮುಂದೆ ಮನೆ ಸಾಲ ಬೇಕಿದ್ದರೆ ಅದು ಅಡ್ಡ ಬರುತ್ತದೆ. ಸಾಧ್ಯವಾದರೆ ಸಾಲ ಪೂರ್ತಿ ತೀರಿಸಲು ಸಮಯ ಕೇಳಿ. ಕಟ್ಟಿದ ಮೇಲೆ ಎನ್‌ಒಸಿ (ಬಾಕಿ ಇಲ್ಲ ಅನ್ನುವ ಪತ್ರ) ತೆಗೆದುಕೊಳ್ಳದೆ ಬಿಡಬೇಡಿ.