ಆ ಓರೆ ಸವೆತವಲ್ಲ: ಹಕ್ಸ್ ಸ್ಟಾರ್ಟರಿನ ಡಾಗ್ ಕುರಿತು ಒಂದು ವಿನಂತಿ

ಹಳೆಯ ವಿಮಾನಗಳ ಎಂಜಿನ್ನನ್ನು ಚಾಲೂ ಮಾಡುವ ನೆಲದ ಸಲಕರಣೆಗಳನ್ನು ದುರಸ್ತಿ ಮಾಡುವುದು ಮತ್ತು ಅವುಗಳ ಮಾದರಿಗಳನ್ನು ಕಟ್ಟುವುದು ನನ್ನ ವೃತ್ತಿ. ಈ ಕೆಲಸಕ್ಕಾಗಿ ನನ್ನನ್ನು ಹುಡುಕಿಕೊಂಡು ಬರುವವರು ಬಹುಪಾಲು ಶ್ರದ್ಧೆಯುಳ್ಳವರು. ಬಣ್ಣದ ಛಾಯೆಗಾಗಿ ತಿಂಗಳುಗಟ್ಟಲೆ ಹಳೆಯ ಛಾಯಾಚಿತ್ರಗಳನ್ನು ಜಾಲಾಡುವವರು. ಆದರೂ ಹಕ್ಸ್ ಸ್ಟಾರ್ಟರಿನ, ಅಂದರೆ ವಿಮಾನದ ಪ್ರೊಪೆಲ್ಲರನ್ನು ತಿರುಗಿಸಿ ಎಂಜಿನ್ ಚಾಲೂ ಮಾಡುವ ಗಾಡಿಯ ವಿಷಯ ಬಂದಾಗ, ಅದು ನಿಜವಾದ ಯಂತ್ರವಿರಲಿ, ಅಂಗೈ ಮೇಲೆ ಕೂರುವ ಮಾದರಿಯಿರಲಿ, ಅವರಿಂದ ಮತ್ತೆ ಮತ್ತೆ ಆಗುವ ತಪ್ಪು ಒಂದೇ. ಪ್ರೊಪೆಲ್ಲರಿನ ನಡುವೆ ಮುಂಚಾಚಿಕೊಂಡಿರುವ, ಸ್ಟಾರ್ಟರಿನ ಶಾಫ್ಟ್ ಬಂದು ಸಿಕ್ಕಿಕೊಳ್ಳುವ ಡಾಗ್ ಎಂಬ ಭಾಗದ ಕಚ್ಚುಗಳಲ್ಲಿ ಒಂದು ಬದಿ ಓರೆಯಾಗಿರುವುದನ್ನು ಕಂಡು, ಅದು ಕಾಲಾಂತರದಲ್ಲಿ ಸವೆದು ಹೋದದ್ದೆಂದು ನಿರ್ಧರಿಸಿ, ವೆಲ್ಡಿಂಗ್ ಮಾಡಿಸಿ ತುಂಬಿಸಿ, ಅರದಿಂದ ಉಜ್ಜಿ ಚೌಕಕ್ಕೆ ತಂದುಬಿಡುತ್ತಾರೆ. ಆ ಒಂದು ದಿನದ ಕೆಲಸದಲ್ಲಿ ಯಂತ್ರದ ಅತಿಮುಖ್ಯ ಗುಣ ಹೊರಟುಹೋಗುತ್ತದೆ.

ಹಕ್ಸ್ ಸ್ಟಾರ್ಟರ್ ಹುಟ್ಟಿದ್ದು ಮೊದಲ ಮಹಾಯುದ್ಧದ ಕಾಲದಲ್ಲಿ. 1913ರಲ್ಲಿ ಆಕಾಶದಲ್ಲಿ ಪೂರ್ಣ ಸುತ್ತು ಹೊಡೆದ ಮೊದಲ ಬ್ರಿಟಿಷ್ ವಿಮಾನಿಯೆಂದು ಹೆಸರಾದ ಬೆಂಟ್‌ಫೀಲ್ಡ್ ಹಕ್ಸ್ ಇದನ್ನು ರೂಪಿಸಿದರು. ಮೊದಲನೆಯದು ಸಿದ್ಧವಾದದ್ದು ಏರ್ಕೊ ಎಂಬ ಬ್ರಿಟಿಷ್ ವಿಮಾನ ಕಂಪನಿಯ ಪ್ರಯೋಗ ವಿಭಾಗದಲ್ಲಿ. ಹಕ್ಸ್ 1918ರ ನವೆಂಬರಿನಲ್ಲಿ ನ್ಯುಮೋನಿಯಾದಿಂದ ತೀರಿಕೊಂಡರು. ಅವರ ಯಂತ್ರ ಮಾತ್ರ 1920 ಮತ್ತು 1930ರ ದಶಕಗಳುದ್ದಕ್ಕೂ ಬ್ರಿಟಿಷ್ ವಾಯುಪಡೆಯ ನೆಲೆಗಳಲ್ಲಿ ದುಡಿಯಿತು. ಫೋರ್ಡ್ ಮಾಡೆಲ್ ಟಿ ಗಾಡಿಯ ಚಾಸಿಯ ಮೇಲೆ ಒಂದು ಚೌಕಟ್ಟು, ಗಾಡಿಯ ಎಂಜಿನ್ನಿನಿಂದ ಮೇಲಕ್ಕೆ ಹೋಗುವ ಚೈನು, ಪ್ರೊಪೆಲ್ಲರಿನ ಎತ್ತರಕ್ಕೆ ಸರಿಹೊಂದಿಸಬಹುದಾದ ಉದ್ದನೆಯ ಶಾಫ್ಟ್: ರಚನೆ ಇಷ್ಟೇ. ಇಪ್ಪತ್ತು ಅಶ್ವಶಕ್ತಿಯ ಈ ಪುಟ್ಟ ಗಾಡಿ ಡಿಎಚ್.9ಎ ವಿಮಾನದ ನಾನೂರು ಅಶ್ವಶಕ್ತಿಯ ಲಿಬರ್ಟಿ ಎಂಜಿನ್ನನ್ನು ಹೇಗೆ ತಿರುಗಿಸುತ್ತದೆ ಎಂದು ಕೇಳುವವರಿದ್ದಾರೆ. ವೇಗವನ್ನು ತಗ್ಗಿಸಿ ತಿರುಚುವ ಬಲವನ್ನು ಹೆಚ್ಚಿಸಿಕೊಳ್ಳುವುದರಿಂದ ಅದು ಸಾಧ್ಯವಾಗುತ್ತದೆ, ಅದರಲ್ಲಿ ಗುಟ್ಟೇನೂ ಇಲ್ಲ. ಇಂಗ್ಲೆಂಡಿನ ಬೆಡ್‌ಫರ್ಡ್‌ಷೈರಿನ ಓಲ್ಡ್ ವಾರ್ಡನ್ನಿನಲ್ಲಿರುವ ಶಟಲ್‌ವರ್ತ್ ಸಂಗ್ರಹದಲ್ಲಿ ಕೆಲಸ ಮಾಡುವ ಸ್ಥಿತಿಯ ಹಕ್ಸ್ ಸ್ಟಾರ್ಟರ್ ಇದೆ. ಅವಕಾಶವಿರುವವರು ಅದರ ಶಾಫ್ಟಿನ ತುದಿಯನ್ನೇ ನೋಡುತ್ತ ನಿಲ್ಲಬೇಕೆಂದು ನನ್ನ ಕೋರಿಕೆ.

ಎಲ್ಲರ ಗಮನವೂ ಈ ಯಂತ್ರ ಪ್ರೊಪೆಲ್ಲರನ್ನು ಹಿಡಿಯುವುದರ ಮೇಲಿರುತ್ತದೆ. ಹಿಡಿಯುವುದು ಸುಲಭ, ಒಂದು ಕೊಳವೆ, ಅದರೊಳಗೆ ಒಂದು ಅಡ್ಡಪಿನ್ ಇದ್ದರೆ ಹಿಡಿತ ಸಿಕ್ಕಿತು. ಕಷ್ಟವಿರುವುದು ಎಂಜಿನ್ ಹೊತ್ತಿಕೊಂಡ ಕ್ಷಣದಲ್ಲಿ. ಅಲ್ಲಿಯವರೆಗೆ ಗಾಡಿಯು ಪ್ರೊಪೆಲ್ಲರನ್ನು ನಿಧಾನವಾಗಿ ತಿರುಗಿಸುತ್ತಿರುತ್ತದೆ. ಎಂಜಿನ್ ಹೊತ್ತಿಕೊಂಡ ಕೂಡಲೇ ಪ್ರೊಪೆಲ್ಲರಿನ ವೇಗ ಕಣ್ಣು ಮಿಟುಕಿಸುವಷ್ಟರಲ್ಲಿ ಹಲವು ಪಟ್ಟು ಏರುತ್ತದೆ. ಇನ್ನು ಮುಂದೆ ಶಾಫ್ಟ್ ಪ್ರೊಪೆಲ್ಲರನ್ನು ತಿರುಗಿಸುತ್ತಿಲ್ಲ, ಪ್ರೊಪೆಲ್ಲರೇ ಶಾಫ್ಟನ್ನು ತಿರುಗಿಸಲು ಹೊರಟಿದೆ. ಆಗ ಬಿಡುಗಡೆ ತಾನಾಗಿಯೇ ಆಗಬೇಕು, ಏಕೆಂದರೆ ಯಾವ ಮನುಷ್ಯನ ಕೈಯೂ ಅಷ್ಟು ಬೇಗ ಸನ್ನೆಯನ್ನು ಎಳೆಯಲಾರದು.

ಇಲ್ಲಿ ಆ ಓರೆ ಕೆಲಸಕ್ಕೆ ಬರುತ್ತದೆ. ಡಾಗ್‌ನ ಪ್ರತಿ ಕಚ್ಚಿಗೂ ಎರಡು ಮುಖಗಳಿವೆ, ಒಂದು ನೆಟ್ಟಗೆ, ಇನ್ನೊಂದು ಓರೆ. ಸ್ಟಾರ್ಟರ್ ತಿರುಗಿಸುವಾಗ ಶಾಫ್ಟಿನ ಅಡ್ಡಪಿನ್ ನೆಟ್ಟನೆಯ ಮುಖವನ್ನು ಒತ್ತುತ್ತದೆ, ಆ ಒತ್ತಡವೇ ಪಿನ್ನು ಜಾರದಂತೆ ತಡೆಯುತ್ತದೆ. ಎಂಜಿನ್ ಹೊತ್ತಿಕೊಂಡಾಗ ಡಾಗ್ ಪಿನ್ನಿಗಿಂತ ಮುಂದೋಡುತ್ತದೆ, ನೆಟ್ಟನೆಯ ಮುಖ ಪಿನ್ನನ್ನು ಬಿಟ್ಟು ಹೋಗುತ್ತದೆ, ಹಿಂದಿನಿಂದ ಓರೆಮುಖ ಬಂದು ಪಿನ್ನಿಗೆ ತಾಗುತ್ತದೆ. ಓರೆಯಾಗಿರುವುದರಿಂದ ಅದು ಪಿನ್ನನ್ನು ತನ್ನೊಡನೆ ಸುತ್ತಿಸದೆ ಹೊರಕ್ಕೆ ತಳ್ಳುತ್ತದೆ. ಶಾಫ್ಟ್ ಹಿಂದೆ ಸರಿಯುತ್ತದೆ, ಸ್ಪ್ರಿಂಗ್ ಅದನ್ನು ಪೂರ್ತಿ ಎಳೆದುಕೊಳ್ಳುತ್ತದೆ, ಗಾಡಿ ಹಿಂದಕ್ಕೆ ಹೊರಡುತ್ತದೆ. ಓರೆಯನ್ನು ತುಂಬಿಸಿ ಎರಡೂ ಮುಖಗಳನ್ನು ನೆಟ್ಟಗೆ ಮಾಡಿದರೆ ಎರಡನೆಯ ಮುಖವೂ ಪಿನ್ನನ್ನು ಹಿಡಿದುಕೊಳ್ಳುತ್ತದೆ. ಓಡುತ್ತಿರುವ ವಿಮಾನದ ಎಂಜಿನ್ನು ಶಾಫ್ಟನ್ನೂ ಚೈನನ್ನೂ ತನ್ನ ವೇಗಕ್ಕೆ ಎಳೆದುಕೊಂಡು ಹೋಗುತ್ತದೆ. ಗಾಡಿ ಹಿಂದೆ ಸರಿಯಲಾರದೆ, ತಿರುಗುವ ಅಲಗುಗಳಿಂದ ಕೆಲವೇ ಅಡಿ ದೂರದಲ್ಲಿ, ಚಾಲಕನ ಸಮೇತ ಸಿಕ್ಕಿಹಾಕಿಕೊಳ್ಳುತ್ತದೆ.

ಹೊಲದ ಬಾವಿಯ ಮೇಲೆ ಹ್ಯಾಂಡಲ್ ಹೊಡೆದು ಚಾಲೂ ಮಾಡುವ ಡೀಸೆಲ್ ಪಂಪ್‌ಸೆಟ್ ಎಂಜಿನ್ ಇದ್ದ ಮನೆಯಲ್ಲಿ ಬೆಳೆದವರಿಗೆ ಇದನ್ನು ವಿವರಿಸಬೇಕಿಲ್ಲ. ಎಂಜಿನ್ ಹತ್ತಿದ ಕೂಡಲೇ ಹ್ಯಾಂಡಲ್ ಕಳಚಿಕೊಂಡು ಕೈಗೆ ಬರಬೇಕು, ಬಾರದಿದ್ದರೆ ಎಲ್ಲವನ್ನೂ ಬಿಟ್ಟು ದೂರ ನಿಲ್ಲಬೇಕು ಎಂಬುದು ಅವರಿಗೆ ಬಾಲ್ಯದ ಪಾಠ. ನನ್ನ ಕೆಲಸಗಳನ್ನು ಮಾಡಿಕೊಡುವ ಒಬ್ಬ ಹಿರಿಯ ಟರ್ನರ್ ಇದ್ದಾರೆ, ವಿಮಾನದ ಹತ್ತಿರ ಎಂದೂ ಹೋದವರಲ್ಲ. ಮೊದಲ ಸಲ ಡಾಗ್ ಒಂದನ್ನು ಅವರ ಕೈಗಿಟ್ಟಾಗ ಹೆಬ್ಬೆರಳಿನಿಂದ ಓರೆಯನ್ನು ಸವರಿ, "ಇದು ಹ್ಯಾಂಡಲ್ ಒದೆಯೋ ಕಡೆ ಅಲ್ವಾ ಸಾರ್, ಇದನ್ನ ಮುಟ್ಟಬಾರದು" ಎಂದರು. ಪದವಿ ಪಡೆದ ಎಂಜಿನಿಯರುಗಳು ಕಳಿಸಿದ ಎಷ್ಟೋ ನಕ್ಷೆಗಳಲ್ಲಿ ನನಗೆ ಕಾಣದ ತಿಳಿವಳಿಕೆ ಅವರ ಆ ಬೆರಳಿನಲ್ಲಿತ್ತು.

ಶಾಫ್ಟಿನ ಕಡೆಯೂ ಇದೇ ಕಾಳಜಿ ಬೇಕು. ಒಳಗಿನ ಸ್ಪ್ರಿಂಗ್ ಮೃದುವಾಗಿದೆಯೆಂದು ಬಿಗಿಯಾದುದನ್ನು ಹಾಕುವವರು, ಜಾರುವ ಭಾಗದ ಮೇಲೆ ಮೂರು ಪದರ ಬಣ್ಣ ಬಳಿದು ಹೊಳಪು ಕೊಡುವವರು, ಗಟ್ಟಿಯಾದ ಹಳೆಯ ಗ್ರೀಸನ್ನು ತೆಗೆಯದೆ ಹೊಸದನ್ನು ತುಂಬುವವರು, ಇವರೆಲ್ಲ ಒಳ್ಳೆಯ ಉದ್ದೇಶದಿಂದಲೇ ಬಿಡುಗಡೆಯ ದಾರಿಯನ್ನು ಮುಚ್ಚುತ್ತಾರೆ. ಒಂದು ಸಂಗ್ರಹಕ್ಕಾಗಿ ನಾನು ಪರೀಕ್ಷಿಸಿದ ಸ್ಟಾರ್ಟರಿನಲ್ಲಿ ಶಾಫ್ಟ್ "ಅಲುಗಾಡುತ್ತಿತ್ತು" ಎಂಬ ಕಾರಣಕ್ಕೆ ಯಾರೋ ಅಡ್ಡಲಾಗಿ ಬೋಲ್ಟ್ ಹೊಡೆದಿದ್ದರು. ಅದು ಪ್ರದರ್ಶನಕ್ಕಷ್ಟೇ ಇಟ್ಟದ್ದು ಎಂದು ಸಂಗ್ರಹದವರು ಸಮಾಧಾನ ಹೇಳಿದರು. ಇಂದು ಪ್ರದರ್ಶನಕ್ಕಿಟ್ಟದ್ದನ್ನು ಇಪ್ಪತ್ತು ವರ್ಷದ ಬಳಿಕ ಇನ್ನೊಬ್ಬರು ಓಡಿಸಲು ಹೊರಡುತ್ತಾರೆ, ಅವರಿಗೆ ಆ ಬೋಲ್ಟಿನ ಕಥೆ ತಿಳಿದಿರುವುದಿಲ್ಲ.

ಮಾದರಿ ಕಟ್ಟುವವರ ವಿಷಯದಲ್ಲಿ ಪ್ರಾಣಾಪಾಯವಿಲ್ಲ, ಆದರೆ ಮಾದರಿಯೂ ಒಂದು ಹೇಳಿಕೆಯೇ. ನಾನು ಹೆಚ್ಚಾಗಿ ಕಾಣುವ ದೃಶ್ಯದಲ್ಲಿ ಪ್ರೊಪೆಲ್ಲರ್ ಜಾಗದಲ್ಲಿ ಪಾರದರ್ಶಕ ತಟ್ಟೆಯಿಟ್ಟು ಎಂಜಿನ್ ಓಡುತ್ತಿದೆಯೆಂದು ತೋರಿಸಿರುತ್ತಾರೆ, ಶಾಫ್ಟ್ ಮಾತ್ರ ಇನ್ನೂ ಡಾಗ್‌ನೊಳಗೇ ಇರುತ್ತದೆ. ಎಂಜಿನ್ ಓಡುತ್ತಿದ್ದರೆ ಶಾಫ್ಟ್ ಹಿಂದೆ ಸರಿದಿರಬೇಕು. ಎರಡನೆಯದಾಗಿ, ಓರೆ ಯಾವ ಬದಿಯಲ್ಲಿರಬೇಕೆಂಬುದು ಪ್ರೊಪೆಲ್ಲರ್ ತಿರುಗುವ ದಿಕ್ಕಿನಿಂದ ನಿರ್ಧಾರವಾಗುತ್ತದೆ, ಮತ್ತು ದಿಕ್ಕು ಎಲ್ಲ ಎಂಜಿನ್ನುಗಳಿಗೂ ಒಂದೇ ಅಲ್ಲ. ಒಂದೇ ರೋಲ್ಸ್‌ರಾಯ್ಸ್ ಕಂಪನಿಯ ಮರ್ಲಿನ್ ಮತ್ತು ಗ್ರಿಫನ್ ಪರಸ್ಪರ ವಿರುದ್ಧ ದಿಕ್ಕಿನಲ್ಲಿ ತಿರುಗುತ್ತವೆ. ಹಾಗಾಗಿ ಒಂದು ವಿಮಾನದ ಡಾಗ್ ಮುದ್ರಿಸಲು ಮಾಡಿದ 3ಡಿ ಕಡತವನ್ನು ಇನ್ನೊಂದಕ್ಕೆ ಕಣ್ಣುಮುಚ್ಚಿ ಬಳಸಬಾರದು. ಬ್ರಿಟಿಷ್ ವಿಮಾನಗಳಾದ ಹಾಕರ್ ಹಾರ್ಟ್ ಮತ್ತು ಹೈಂಡ್ ಕಟ್ಟುವವರಿಗೂ, ಜಪಾನಿನ ಭೂಸೇನೆಯ ಕಿ-43 ಹಯಬುಸಾ ಕಟ್ಟುವವರಿಗೂ ಈ ಮಾತು ಅನ್ವಯಿಸುತ್ತದೆ. ಸೋವಿಯತ್ ಮತ್ತು ಜಪಾನಿ ಸೇನೆಗಳು ಇದೇ ಬಗೆಯ ಸ್ಟಾರ್ಟರ್ ಲಾರಿಗಳನ್ನು ಎರಡನೆಯ ಮಹಾಯುದ್ಧದವರೆಗೂ ಬಳಸಿದವು. ನಿಜದಲ್ಲಿ 48 ಮಿಲಿಮೀಟರ್ ಇರುವ ಭಾಗ 1/48ರ ಅಳತೆಯಲ್ಲಿ 1 ಮಿಲಿಮೀಟರ್ ಆಗುತ್ತದೆ, ಅಷ್ಟರಲ್ಲಿ ಓರೆ ಕಾಣುವುದೇ ಎಂಬ ಪ್ರಶ್ನೆ ಬರುತ್ತದೆ. ಇಂಜೆಕ್ಷನ್ ಸೂಜಿಯ ತುಂಡಿಗೆ ಸಣ್ಣ ಗರಗಸದಿಂದ ಕಚ್ಚು ಹಾಕಿ, ಒಂದು ಬದಿಯನ್ನು ಸೂಜಿಯರದಿಂದ ಎರಡು ಸಲ ಉಜ್ಜಿದರೆ ಸ್ಪಷ್ಟವಾಗಿ ಕಾಣುತ್ತದೆ.

ನಿಜವಾದ ಯಂತ್ರವನ್ನು ಇಟ್ಟುಕೊಂಡವರಿಗೆ ಒಂದು ಎಚ್ಚರಿಕೆ. ಬೇರೆ ಬೇರೆ ಕಡೆ ತಯಾರಾದ ಸ್ಟಾರ್ಟರುಗಳಲ್ಲಿ ವಿವರಗಳು ಬೇರೆಯಾಗಿರುತ್ತವೆ, ಮತ್ತು ಈ ಬರಹ ಯಾವ ಯಂತ್ರವನ್ನೂ ವಿಮಾನಕ್ಕೆ ಜೋಡಿಸಲು ಕೊಟ್ಟ ಅನುಮತಿಯಲ್ಲ. ಆ ತೀರ್ಮಾನ ವಿಮಾನದ ಹೊಣೆ ಹೊತ್ತ, ಪರವಾನಗಿಯುಳ್ಳ ಎಂಜಿನಿಯರರದು. ಅದಕ್ಕೂ ಮುನ್ನ ನೀವೇ ಮಾಡಬಹುದಾದ ಪರೀಕ್ಷೆಯೊಂದಿದೆ. ಡಾಗ್‌ನ ಒಂದು ನಕಲನ್ನು ಮರದ ಕಂಬಕ್ಕೆ ತಿರುಗುವಂತೆ ಕೂರಿಸಿ, ಗಾಡಿಯ ಎಂಜಿನ್ ನಿಲ್ಲಿಸಿ, ಶಾಫ್ಟನ್ನು ಜೋಡಿಸಿ, ಡಾಗನ್ನು ಎಂಜಿನ್ ಓಡುವ ದಿಕ್ಕಿನಲ್ಲಿ ಕೈಯಿಂದ ನಿಧಾನವಾಗಿ ಮುಂದಕ್ಕೆ ತಿರುಗಿಸಿ. ಕಾಲು ಸುತ್ತಿನಷ್ಟರಲ್ಲಿ ಶಾಫ್ಟ್ ತಾನಾಗಿ ಹೊರಬಂದು ಹಿಂದೆ ಸರಿಯಬೇಕು. ತಡವರಿಸಿದರೂ, ಒಂದು ಸಲ ಬಂದು ಇನ್ನೊಂದು ಸಲ ಬಾರದಿದ್ದರೂ ಕೆಲಸ ಮುಗಿದಿಲ್ಲವೆಂದೇ ಲೆಕ್ಕ. ಕಚ್ಚುಗಳನ್ನು ನಾಲ್ಕೂ ಕಡೆಯಿಂದ ಹತ್ತಿರದಲ್ಲಿ ಚಿತ್ರ ತೆಗೆದು, ತಿರುಗುವ ದಿಕ್ಕಿಗೆ ಬಾಣದ ಗುರುತು ಹಾಕಿ, ವೆಲ್ಡಿಂಗ್ ಅಂಗಡಿಗೆ ಹೋಗುವ ಮೊದಲು ಈ ಕೆಲಸ ಬಲ್ಲ ಯಾರಿಗಾದರೂ ತೋರಿಸಿ.